ಬಕಾಸುರನ ಏಟಿಗೆ ಮುಂಚಿನ ಮುಕ್ಕಾಲು ಸೆಕೆಂಡು

ಚಿಂತಾಮಣಿ ಕಡೆಯವರಿಗೆ ಬಕಾಸುರನ ಕಥೆ ಹೊಸದಾಗಿ ಹೇಳಬೇಕಿಲ್ಲ. ಕೈವಾರವೇ ಆಗಿನ ಏಕಚಕ್ರನಗರ ಅನ್ನೋದು ಇಲ್ಲಿಯ ನಂಬಿಕೆ. ಭೀಮಲಿಂಗೇಶ್ವರನ ಗುಡಿ ಊರಲ್ಲೇ ಇದೆ, ರಾಕ್ಷಸ ಇದ್ದ ಅನ್ನೋ ಬೆಟ್ಟ ಊರ ಪಕ್ಕದಲ್ಲೇ ಇದೆ. ಸರದಿ ಬಂದ ಮನೆಯಿಂದ ಒಂದು ಬಂಡಿ ಅನ್ನ, ಎರಡು ಕೋಣ, ಬಂಡಿ ಹೊಡ್ಕೊಂಡು ಹೋಗೋಕೆ ಒಬ್ಬ ಮನುಷ್ಯ. ಆ ಸರದಿಗೆ ಹೋದ ಭೀಮ ರಾಕ್ಷಸನಿಗೆ ಬೆನ್ನು ಹಾಕಿ ಕೂತು ತಾನೇ ಉಣ್ಣೋಕೆ ಶುರು ಮಾಡ್ತಾನೆ. ಬಕ ಎರಡೂ ಕೈಯಿಂದ ಬೆನ್ನಿಗೆ ಗುದ್ದುತ್ತಾನೆ, ಭೀಮ ತುತ್ತು ಬಿಡಲ್ಲ. ಬಕ ಮರ ಕಿತ್ತುಕೊಂಡು ಬರ್ತಾನೆ, ಅಷ್ಟರಲ್ಲಿ ಊಟ ಮುಗಿಸಿ ಕೈ ತೊಳೆದ ಭೀಮ ಅದನ್ನ ಎಡಗೈಯಲ್ಲಿ ಹಿಡೀತಾನೆ. ಆಮೇಲೆ ಕುಸ್ತಿ, ಕೊನೆಗೆ ಬೆನ್ನಿಗೆ ಮಂಡಿ ಊರಿ ಮುರಿಯೋದು.

ಗೇಮ್ ಕಟ್ಟುವವರ ಕಣ್ಣಿಂದ ನೋಡಿದ್ರೆ ಇದು ಮೂರು ಘಟ್ಟದ ಬಾಸ್ ಫೈಟ್, ಅಂದ್ರೆ ಕೊನೆಗೆ ಬರೋ ದೊಡ್ಡ ಶತ್ರುವಿನ ಜೊತೆಗಿನ ಕಾದಾಟ. ಗುದ್ದು, ಮರ, ಕುಸ್ತಿ. ಪ್ರತಿ ಘಟ್ಟದಲ್ಲೂ ರಾಕ್ಷಸ ಮಾಡೋದು ಬೇರೆ, ಭೀಮ ಕೊಡೋ ಉತ್ತರವೂ ಬೇರೆ. ಚಿಕ್ಕಬಳ್ಳಾಪುರ, ಕೋಲಾರದ ಕಾಲೇಜುಗಳಲ್ಲಿ ಗೊಡೊ ಅನ್ನೋ ಗೇಮ್ ಕಟ್ಟೋ ಸಾಫ್ಟ್‌ವೇರ್ ಹಾಕಿಕೊಂಡು ಮೊದಲ 2ಡಿ ಗೇಮ್ ಮಾಡೋಕೆ ಕೂತವರಿಗೆ ಇದಕ್ಕಿಂತ ಒಳ್ಳೆ ಸಾಮಗ್ರಿ ಬೇಕಿಲ್ಲ. ಹಾಗಾಗಿ ಬಾಸ್ ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನ ಈ ಬಕಾಸುರನನ್ನೇ ಇಟ್ಟುಕೊಂಡು, ಲೆಕ್ಕ ಸಮೇತ ಬರೀತಿದ್ದೀನಿ.

ಮೊದಲ ಸಲ ಬಾಸ್ ಮಾಡುವವರು ಸಾಮಾನ್ಯವಾಗಿ ಮೂರು ಕೆಲಸ ಮಾಡ್ತಾರೆ. ಮಾಮೂಲಿ ಶತ್ರುವನ್ನ ನಾಲ್ಕು ಪಟ್ಟು ದೊಡ್ಡದು ಮಾಡ್ತಾರೆ, ಹೆಲ್ತ್ (ಏಟು ಬಿದ್ದಾಗೆಲ್ಲ ಇಳಿಯೋ ಜೀವದ ಅಂಕ) 5000 ಇಡ್ತಾರೆ, ಏಟಿನ ವೇಗ ಜಾಸ್ತಿ ಮಾಡ್ತಾರೆ. ಅದು ಕಷ್ಟವಾಗುತ್ತೆ ನಿಜ, ಆದರೆ ಆಡುವವನು ಸೋತಾಗ ಯಾಕೆ ಸೋತೆ ಅಂತ ಅವನಿಗೆ ಗೊತ್ತಾಗಲ್ಲ. ಬಾಸ್‌ನ ಜೀವ ಇರೋದು ಏಟು ಬೀಳೋ ಮುಂಚಿನ ಹೊತ್ತಿನಲ್ಲಿ. ರಾಕ್ಷಸ ಭುಜ ಹಿಂದಕ್ಕೆಳೆದಾಗಿನಿಂದ ಗುದ್ದು ತಾಗೋವರೆಗೆ ಏನು ಕಾಣುತ್ತೆ, ಎಷ್ಟು ಹೊತ್ತು ಕಾಣುತ್ತೆ ಅನ್ನೋದರಲ್ಲಿ. ಇಂಗ್ಲಿಷ್‌ನವರು ಇದಕ್ಕೆ ಟೆಲಿಗ್ರಾಫ್ ಅಂತಾರೆ. ನಾನು ಸನ್ನೆ ಅಂತೀನಿ.

ಬಾಸ್ ಅನ್ನೋದು ಹೊಸದೇನಲ್ಲ. 1975ರ ಹೊತ್ತಿಗೇ ಅಮೆರಿಕದ ಪ್ಲೇಟೋ ಕಂಪ್ಯೂಟರ್‌ಗಳಲ್ಲಿ ಆಡ್ತಿದ್ದ ‘ಡಿಎನ್‌ಡಿ’ಯಲ್ಲಿ ಕೊನೆಗೆ ಒಂದು ಚಿನ್ನದ ಡ್ರ್ಯಾಗನ್ ನಿಧಿ ಕಾಯ್ತಾ ಇರ್ತಿತ್ತು. 1980ರ ‘ಫೀನಿಕ್ಸ್’ನಲ್ಲಿ ದೊಡ್ಡ ಹಡಗಿನ ತಳವನ್ನ ಗುಂಡು ಹೊಡೆದು ಹೊಡೆದು ಕೊರೆದು ಒಳಗಿದ್ದವನನ್ನ ತಲುಪಬೇಕಿತ್ತು. 1987ರ ‘ಮೆಗಾ ಮ್ಯಾನ್’ ಒಂದು ಹೆಜ್ಜೆ ಮುಂದೆ ಹೋಯ್ತು. ಆರು ಬಾಸ್, ಯಾರನ್ನ ಮೊದಲು ಎದುರಿಸಬೇಕು ಅನ್ನೋದು ಆಡುವವನ ಇಷ್ಟ, ಒಬ್ಬನನ್ನ ಸೋಲಿಸಿದ್ರೆ ಅವನ ಆಯುಧ ನಿಮ್ಮದು, ಆ ಆಯುಧಕ್ಕೆ ಇನ್ನೊಬ್ಬ ಬೇಗ ಬಗ್ಗುತ್ತಾನೆ. ಅಲ್ಲಿಗೆ ಬಾಸ್ ದಾರಿ ಅಡ್ಡಗಟ್ಟಿದ ಬಂಡೆಯಾಗಿ ಉಳಿಯದೆ ಇಡೀ ಆಟದ ಕೀಲಿಕೈ ಆಯ್ತು. 2005ರ ‘ಶ್ಯಾಡೋ ಆಫ್ ದ ಕೊಲಾಸಸ್’ನಲ್ಲಂತೂ 16 ದೈತ್ಯರನ್ನ ಬಿಟ್ಟು ಬೇರೆ ಶತ್ರುವೇ ಇಲ್ಲ.

ಆಟದಲ್ಲಿ ಬಾಸ್‌ಗೆ ಇರೋ ಮುಖ್ಯ ಕೆಲಸ, ಅಲ್ಲಿವರೆಗೆ ಕಲಿಸಿದ್ದನ್ನ ಒಟ್ಟಿಗೆ ಕೇಳೋದು. ಕಲಿಸದೇ ಇದ್ದದ್ದನ್ನ ಕೇಳಿದ್ರೆ ಏನಾಗುತ್ತೆ ಅನ್ನೋದಕ್ಕೆ 2011ರ ‘ಡಿಯಸ್ ಎಕ್ಸ್: ಹ್ಯೂಮನ್ ರೆವಲ್ಯೂಷನ್’ ನೋಡಬೇಕು. ಇಡೀ ಆಟದಲ್ಲಿ ಗುಂಡು ಹಾರಿಸದೆ, ಅವಿತುಕೊಂಡು, ಕಂಪ್ಯೂಟರ್ ಹ್ಯಾಕ್ ಮಾಡಿಕೊಂಡು ಹೋಗಬಹುದು. ಬಾಸ್ ಬಂದಾಗ ಮಾತ್ರ ಮುಖಾಮುಖಿ ಹೊಡೆದಾಟವೇ ಗತಿ. ತಮ್ಮ ಶಕ್ತಿಯನ್ನೆಲ್ಲ ಅವಿತುಕೊಳ್ಳೋಕೆ ಖರ್ಚು ಮಾಡಿದ್ದವರು ಅಲ್ಲಿ ಸಿಕ್ಕಿಹಾಕಿಕೊಂಡ್ರು. 2013ರಲ್ಲಿ ಬಂದ ಡೈರೆಕ್ಟರ್ಸ್ ಕಟ್ ಅನ್ನೋ ತಿದ್ದಿದ ಆವೃತ್ತಿಯಲ್ಲಿ ಆ ಕಾದಾಟಗಳಿಗೆ ಬೇರೆ ದಾರಿಗಳನ್ನ ಸೇರಿಸಬೇಕಾಯ್ತು.

ಹಾಗಾಗಿ ಬಕಾಸುರ ಬರೋ ಮುಂಚೆ, ಅವನ ಎರಡೂ ಕೈ ಎತ್ತೋ ಭಂಗಿಯನ್ನ ಆಡುವವನು ಎಲ್ಲಾದ್ರೂ ನೋಡಿರಬೇಕು. ಬೆಟ್ಟ ಹತ್ತೋ ಲೆವೆಲ್‌ನಲ್ಲಿ ಎರಡು ಮೂರು ಮರಿ ರಾಕ್ಷಸರನ್ನ ಇಡಿ. ಅವರು ಅದೇ ಭಂಗಿಯಲ್ಲಿ, ಇನ್ನೂ ನಿಧಾನವಾಗಿ ಹೊಡೀಲಿ. ಒಂದು ಏಟು ತಿಂದ್ರೂ ಪ್ರಾಣ ಹೋಗಬಾರದು. ತಪ್ಪಿಸಿಕೊಂಡವನಿಗೆ ತಾನು ಏನೋ ಕಲಿತೆ ಅಂತ ಅನಿಸೋದೂ ಬೇಡ, ಕೈಗೆ ರೂಢಿಯಾದ್ರೆ ಸಾಕು.

ಈಗ ಆ ಒಂದು ಗುದ್ದನ್ನ ಹತ್ತಿರದಿಂದ ನೋಡೋಣ. ಗೊಡೊದಲ್ಲಿ ಫಿಸಿಕ್ಸ್, ಅಂದ್ರೆ ಚಲನೆ ಡಿಕ್ಕಿಗಳ ಲೆಕ್ಕ, ನಾವು ಬದಲಿಸದಿದ್ರೆ ಸೆಕೆಂಡಿಗೆ 60 ಸಲ ಓಡುತ್ತೆ, ಹಾಗಾಗಿ ಒಂದು ಫ್ರೇಮ್ ಅಂದ್ರೆ ಸುಮಾರು 16.7 ಮಿಲಿಸೆಕೆಂಡ್. ಕಣ್ಣಿಗೆ ಕಂಡದ್ದಕ್ಕೆ ಮನುಷ್ಯನ ಕೈ ಅಲ್ಲಾಡೋಕೆ ಹೆಚ್ಚುಕಡಿಮೆ ಕಾಲು ಸೆಕೆಂಡು, ಅಂದ್ರೆ 15 ಫ್ರೇಮ್ ಬೇಕು. ಬರ್ತಿರೋದು ಗುದ್ದೋ ಒದೆಯೋ ಅಂತ ಗುರುತು ಹಿಡಿಯೋಕೆ ಇನ್ನೊಂದು 7 ಇಟ್ಟುಕೊಳ್ಳಿ. ಕಮ್ಮಿ ಬೆಲೆಯ ಫೋನ್‌ನಲ್ಲಿ ಬೆರಳು ಮುಟ್ಟಿದ್ದು ಗೇಮ್‌ಗೆ ತಲುಪೋಕೆ 5 ಹಿಡೀರಿ. ಭೀಮ ಪಕ್ಕಕ್ಕೆ ಉರುಳೋ ಡಾಡ್ಜ್‌ನ ಮೊದಲ 3 ಫ್ರೇಮ್‌ನಲ್ಲಿ ರಕ್ಷಣೆ ಇಲ್ಲ. ಕೂಡಿದ್ರೆ 30.

ಬಕನ ಸನ್ನೆಗೆ ಒಟ್ಟು 45 ಫ್ರೇಮ್, ಅಂದ್ರೆ ಮುಕ್ಕಾಲು ಸೆಕೆಂಡು ಕೊಡಿ. ಇದನ್ನ ಎರಡು ಭಾಗ ಮಾಡಬೇಕು. ಮೊದಲ 15 ಫ್ರೇಮ್ ಭುಜ ಹಿಂದಕ್ಕೆ ಹೋಗುತ್ತೆ, ಮೈ ತಿರುಗುತ್ತೆ. ಇದು ‘ಏನೋ ಬರ್ತಿದೆ’ ಅನ್ನೋದಕ್ಕೆ. 15ನೇ ಫ್ರೇಮ್‌ನಲ್ಲಿ ಎರಡು ಮುಷ್ಟಿ ತಲೆ ಮೇಲೆ ಸೇರುತ್ತೆ, ಹೂಂಕರಿಸ್ತಾನೆ, ಕಾಲಡಿ ಧೂಳು ಏಳುತ್ತೆ. ಇದು ‘ಈಗ’ ಅನ್ನೋದಕ್ಕೆ. ಅಲ್ಲಿಂದ ಸರಿಯಾಗಿ 30 ಫ್ರೇಮ್‌ಗೆ ಗುದ್ದು ಬೀಳುತ್ತೆ, 5 ಫ್ರೇಮ್ ಅದು ತಾಗೋ ಸ್ಥಿತಿಯಲ್ಲಿರುತ್ತೆ.

ಭೀಮನ ಡಾಡ್ಜ್ ಒಟ್ಟು 24 ಫ್ರೇಮ್: 3 ಶುರು, 12 ಏಟು ತಾಗದ ಹೊತ್ತು, 9 ಎದ್ದು ನಿಲ್ಲೋಕೆ. ಹೊಸಬ ‘ಈಗ’ ಸನ್ನೆ ನೋಡಿ, ಯೋಚಿಸಿ, ಒತ್ತಿದ್ರೆ ಅವನ ರಕ್ಷಣೆ ಸನ್ನೆಯಿಂದ 30ನೇ ಫ್ರೇಮ್‌ಗೆ ಶುರುವಾಗುತ್ತೆ. ಪಳಗಿದವನು ಯೋಚಿಸೋಕೆ ನಿಲ್ಲಲ್ಲ, ಅವನದು 23ಕ್ಕೇ ಶುರುವಾಗಿ 34ಕ್ಕೆ ಮುಗಿಯುತ್ತೆ. ಗುದ್ದು ತಾಗೋದು 30ರಿಂದ 34ರವರೆಗೆ. ಇಬ್ಬರೂ ಉಳ್ಕೋತಾರೆ. ಭುಜ ಅಲ್ಲಾಡಿದ ತಕ್ಷಣ ಗಾಬರಿಯಲ್ಲಿ ಉರುಳಿದವನಿಗೆ ಮಾತ್ರ ಬೀಳುತ್ತೆ, ಅವನಿಗೆ ಯಾಕೆ ಬಿತ್ತು ಅಂತಲೂ ಗೊತ್ತಾಗುತ್ತೆ. ಗುದ್ದು ತಾಗೋ ಹೊತ್ತನ್ನ 5ರ ಬದಲು 14 ಮಾಡಿ ನೋಡಿ. ರಕ್ಷಣೆ 12 ಫ್ರೇಮ್ ಮಾತ್ರ ಇರೋದರಿಂದ ಎಷ್ಟು ಸರಿಯಾಗಿ ಒತ್ತಿದ್ರೂ ಏಟು ತಪ್ಪಲ್ಲ. ‘ನಾನು ಸರಿಯಾಗೇ ಒತ್ತಿದ್ದೆ’ ಅನ್ನೋ ದೂರಿಗೆ ಬಹಳ ಸಲ ಇದೇ ಕಾರಣ.

ಕೊನೆಯ ಘಟ್ಟದಲ್ಲಿ ಬಕ ಸಿಟ್ಟಿಗೆದ್ದು ಬೇಗ ಹೊಡೀಬೇಕು ಅಂದ್ರೆ ಮೊದಲ 15ನ್ನ 2ಕ್ಕೆ ಇಳಿಸಿ. ಒಟ್ಟು 32 ಆಗುತ್ತೆ, ನೋಡೋಕೆ ಮಿಂಚಿನ ಹಾಗಿರುತ್ತೆ. ಆದರೆ ಆ 30ನ್ನ ಮುಟ್ಟಬೇಡಿ. ಅದು ಮನುಷ್ಯನ ಮೈಗೂ ಫೋನಿಗೂ ಸೇರಿದ್ದು. ತಿರುಗಿಸಿದ ಕೈಚಳಕವೂ ಇದೆ: 2022ರ ‘ಎಲ್ಡನ್ ರಿಂಗ್’ನ ಮಾರ್ಗಿಟ್ ಕೋಲು ಎತ್ತಿ ಹಾಗೇ ಹಿಡಿದು ನಿಲ್ತಾನೆ, ಅವಸರದವರು ಉರುಳಿ ಮುಗಿಸಿದ ಮೇಲೆ ಹೊಡೀತಾನೆ. ಅವನು ಎಳೆದದ್ದು ಮೊದಲ ಭಾಗವನ್ನ. ನಿಜವಾಗಿ ಕೈ ಇಳಿಯೋದನ್ನ ಕಾದು ನೋಡಿದವನಿಗೆ ಅಲ್ಲಿ ನ್ಯಾಯ ಸಿಗುತ್ತೆ.

ಸನ್ನೆ ಬಿಡಿಸೋದರ ಬಗ್ಗೆ ಒಂದು ಮಾತು. ಗರಡಿಯಲ್ಲಿ ಎದುರಾಳಿಯ ಕೈ ನೋಡಿದವನಿಗಿಂತ ಭುಜ, ಸೊಂಟ ನೋಡಿದವನಿಗೆ ಪಟ್ಟು ಮೊದಲು ತಿಳಿಯುತ್ತೆ. ಗೇಮ್‌ನಲ್ಲೂ ಸನ್ನೆ ಇಡೀ ಮೈಯಲ್ಲಿ ಕಾಣಬೇಕು. ಬಕನ ಚಿತ್ರವನ್ನ ಪೂರ್ತಿ ಕಪ್ಪು ಮಾಡಿ ನೆರಳಿನ ಹಾಗೆ ನೋಡಿ. ಗುದ್ದೋ ಭಂಗಿಗೂ ಒದೆಯೋ ಭಂಗಿಗೂ ವ್ಯತ್ಯಾಸ ಕಾಣದಿದ್ರೆ ಚಿತ್ರ ಮತ್ತೆ ಬಿಡಿಸಿ. ಬರೀ ಮೈ ಕೆಂಪಗಾಗೋದನ್ನೇ ನಂಬಬೇಡಿ, ಕೆಂಪು ಹಸಿರು ಬೇರೆ ಮಾಡಿ ಕಾಣದವರು ನಮ್ಮ ನಡುವೆ ಇದ್ದಾರೆ. ಬರೀ ಶಬ್ದವನ್ನೂ ನಂಬಬೇಡಿ. ಬಸ್ಸಿನಲ್ಲಿ ಫೋನ್ ಸೈಲೆಂಟ್‌ಗೆ ಹಾಕಿಕೊಂಡು ಆಡುವವರೇ ಜಾಸ್ತಿ.

ಹಿಟ್‌ಬಾಕ್ಸ್, ಅಂದ್ರೆ ಏಟು ತಾಗೋ ಜಾಗದ ಕಾಣದ ಚೌಕ, ಯಾವತ್ತೂ ಆಡುವವನ ಪರವಾಗಿ ವಾಲಿರಲಿ. ಬಕನ ಮುಷ್ಟಿ ತೆರೆಯ ಮೇಲೆ 64 ಪಿಕ್ಸೆಲ್ ಇದ್ರೆ ಅದರ ಹಿಟ್‌ಬಾಕ್ಸ್ 48 ಸಾಕು. ಭೀಮನ ಹರ್ಟ್‌ಬಾಕ್ಸ್ (ಏಟು ತಿನ್ನೋ ಜಾಗದ ಚೌಕ) ಅವನ ಚಿತ್ರದ ಮೂರನೇ ಎರಡರಷ್ಟಿರಲಿ, ಎದೆ ಹೊಟ್ಟೆ ಮಾತ್ರ. ಭೀಮನ ಗುದ್ದಿನ ಹಿಟ್‌ಬಾಕ್ಸ್ ಮಾತ್ರ ಚಿತ್ರಕ್ಕಿಂತ ಕೊಂಚ ದೊಡ್ಡದಿರಲಿ.

ಏಟು ಮುಗಿದ ಮೇಲೆ ರಾಕ್ಷಸ ಸುಧಾರಿಸಿಕೊಳ್ಳೋ ಹೊತ್ತು ಬರುತ್ತೆ. ನನ್ನ ಲೆಕ್ಕದಲ್ಲಿ ಬಾಸ್ ಫೈಟ್‌ನ ಸ್ವಾರಸ್ಯವೆಲ್ಲ ಇಲ್ಲೇ. ಬಕನ ಗುದ್ದು ನೆಲಕ್ಕೆ ಬಿದ್ದು ಕೈ ಮಣ್ಣಲ್ಲಿ ಹೂತುಕೊಳ್ಳಲಿ, 50 ಫ್ರೇಮ್ ಎಳೆದುಕೊಳ್ಳಲಿ. ಭೀಮ ಹತ್ತಿರ ಬರೋಕೆ 12, ಒಂದು ಗುದ್ದಿಗೆ 18. ಎರಡು ಗುದ್ದು ಹೊಡೆದ್ರೆ 48 ಆಯ್ತು. ಮೂರನೆಯದಕ್ಕೆ ಆಸೆಪಟ್ಟರೆ ಅಷ್ಟರಲ್ಲಿ ಬಕ ಕೈ ಕಟ್ಟಿ ನಿಂತಿರ್ತಾನೆ, ಏಟು ಕೂರಲ್ಲ, ಭೀಮನೇ ಹಿಂದಕ್ಕೆ ತೂರಾಡ್ತಾನೆ. ಹಾಗೆ ಕೈ ಕಟ್ಟಿ ನಿಲ್ಲೋದು 30 ಫ್ರೇಮ್, ಆಮೇಲೆ ಮುಂದಿನ ಸನ್ನೆ.

ಈಗ ಕಥೆಯ ಬಂಡಿಯನ್ನ ತನ್ನಿ. ಅಖಾಡದ ನಡುವೆ ಬಂಡಿ ನಿಲ್ಲಿಸಿ, ಅದರಲ್ಲಿ ಅನ್ನದ ಬದಲು ಆರು ಮುದ್ದೆ ಇಡಿ, ನಮ್ಮ ಸೀಮೆಗೆ ಅದೇ ಸರಿ. ಒಂದು ಮುದ್ದೆಗೆ ಹೋದ ಒಂದು ಜೀವ ವಾಪಸ್ಸು. ತಿನ್ನೋಕೆ 48 ಫ್ರೇಮ್, ತಿನ್ನುವಾಗ ಉರುಳೋ ಹಾಗಿಲ್ಲ. ಮುದ್ದೆ ಅಗಿಯೋದಲ್ಲ, ನುಂಗೋದು, ಹಾಗಾಗಿ 48 ಫ್ರೇಮ್‌ನ ಅನಿಮೇಷನ್ ನೋಡೋಕೂ ಸಹಜವಾಗಿರುತ್ತೆ. ಬಕ ಸುಧಾರಿಸಿಕೊಳ್ಳೋ ಅದೇ 50 ಫ್ರೇಮ್‌ನಲ್ಲಿ ಎರಡು ಗುದ್ದು ಹೊಡೀಬೇಕೋ ಒಂದು ಮುದ್ದೆ ನುಂಗಬೇಕೋ ಅನ್ನೋದನ್ನ ಆಡುವವನೇ ಪ್ರತಿ ಸುತ್ತಲ್ಲೂ ನಿರ್ಧರಿಸಬೇಕು. ರಾಕ್ಷಸನಿಗೆ ಬೆನ್ನು ಹಾಕಿ ಉಣ್ಣೋ ಭೀಮ ಅಲ್ಲಿ ಆಟದ ನಿಯಮವಾಗೇ ಬಂದುಬಿಡ್ತಾನೆ, ಕಥೆ ಹೇಳೋಕೆ ಆಟ ನಿಲ್ಲಿಸಿ ತೋರಿಸೋ ಕಟ್‌ಸೀನ್ ಬೇಕಾಗಲ್ಲ.

ಹೆಲ್ತ್ ಎಷ್ಟಿಡಬೇಕು ಅನ್ನೋದನ್ನ ಊಹೆ ಮೇಲೆ ಬಿಡಬೇಡಿ. ಒಂದು ಸುತ್ತು 45, 5, 50, 30 ಸೇರಿ 130 ಫ್ರೇಮ್, ಸುಮಾರು 2.2 ಸೆಕೆಂಡ್. ಭೀಮನ ಒಂದು ಗುದ್ದಿಗೆ 10 ಅಂತಿಟ್ಟರೆ, ಬಕನಿಗೆ 300 ಹೆಲ್ತ್ ಅಂದ್ರೆ 30 ಗುದ್ದು. ಮೊದಲ ಘಟ್ಟದ ಲೆಕ್ಕವನ್ನೇ ಇಡೀ ಕಾದಾಟಕ್ಕೆ ಹಿಡಿದ್ರೆ, ಪ್ರತಿ ಸುತ್ತಲ್ಲೂ ಎರಡು ಗುದ್ದು ಕೂರಿಸೋ ಪಳಗಿದವನಿಗೆ 15 ಸುತ್ತು, ಅರ್ಧ ನಿಮಿಷದ ಮೇಲೆ ಎರಡು ಮೂರು ಸೆಕೆಂಡ್. ಎರಡು ಸುತ್ತಿಗೊಂದು ಗುದ್ದು ಕೂರಿಸೋ ಹೊಸಬನಿಗೆ 60 ಸುತ್ತು, ಅಂದ್ರೆ 130 ಸೆಕೆಂಡ್. ಎರಡೂ ಹದವಾಗಿದೆ. ಅದೇ 5000 ಇಟ್ಟರೆ ಪಳಗಿದವನೂ 9 ನಿಮಿಷ ಅದೇ ಗುದ್ದನ್ನ ತಪ್ಪಿಸಿಕೊಂಡು ಕೂರಬೇಕು. ಐದನೇ ಸುತ್ತಿಗೇ ಕಲಿತು ಮುಗಿದಿದೆ, ಉಳಿದ 245 ಸುತ್ತು ಬೇಸಾಯದ ಹಾಗೆ.

300ರಿಂದ 200ರವರೆಗೆ ಗುದ್ದು, 200ರಿಂದ 90ರವರೆಗೆ ಮರ, ಆಮೇಲೆ ಕುಸ್ತಿ. ಕೊನೆಯ ಘಟ್ಟ ಎಲ್ಲಕ್ಕಿಂತ ಚಿಕ್ಕದಿರಬೇಕು. ಅಲ್ಲಿಗೆ ಬರೋ ಹೊತ್ತಿಗೆ ಆಡುವವನ ಅಂಗೈ ಬೆವರಿರುತ್ತೆ, ಅಲ್ಲಿ ಸೋತರೆ ಹಿಂದಿನದ್ದೆಲ್ಲ ಮತ್ತೆ ಮಾಡಬೇಕು. ಮರದ ಘಟ್ಟದಲ್ಲಿ ಬರೀ ತಪ್ಪಿಸಿಕೊಳ್ಳೋದರ ಜೊತೆ ಎಡಗೈಯಲ್ಲಿ ಹಿಡಿಯೋ ಅವಕಾಶ ಕೊಡಿ. ಮರ ತಾಗೋ ಮುಂಚಿನ 10 ಫ್ರೇಮ್‌ನಲ್ಲಿ ಒತ್ತಿದ್ರೆ ಮರ ಕೈಗೆ ಸಿಗುತ್ತೆ, ಬಕ ಬೆರಗಾಗಿ ನಿಲ್ತಾನೆ. ಕುಸ್ತಿಯಲ್ಲಿ ಮಾತ್ರ ಬಟನ್ ಪಟಪಟ ಒತ್ತಿಸೋ ಆಟ ಬೇಡ. ಅಲ್ಲಿವರೆಗೆ ಕಾಲ ನೋಡಿ ಒತ್ತೋದನ್ನ ಕಲಿಸಿ, ಕೊನೆಗೆ ಬೆರಳಿನ ಬಲ ಕೇಳೋದು ಮೇಲೆ ಹೇಳಿದ ತಪ್ಪೇ ಆಗುತ್ತೆ. ಅದೇ ಸನ್ನೆ, ಅದೇ ಡಾಡ್ಜ್, ಇನ್ನೂ ಹತ್ತಿರದಿಂದ.

ಘಟ್ಟ ಬದಲಾಗೋ ಜಾಗದಲ್ಲೇ ಹೆಚ್ಚು ಬಗ್ ಹುಟ್ಟೋದು. ಬಕ ಗುದ್ದೋಕೆ ಕೈ ಬೀಸಿದ್ದಾನೆ, ಹಿಟ್‌ಬಾಕ್ಸ್ ಆನ್ ಆಗಿದೆ, ಅದೇ ಫ್ರೇಮ್‌ನಲ್ಲಿ ಹೆಲ್ತ್ 200 ಮುಟ್ಟಿತು. ಕೋಡ್ ಅನಿಮೇಷನ್ ಅರ್ಧಕ್ಕೆ ನಿಲ್ಲಿಸಿ ಮರ ಕೀಳೋ ಅನಿಮೇಷನ್ ಶುರು ಮಾಡುತ್ತೆ. ಹಿಟ್‌ಬಾಕ್ಸ್ ಆಫ್ ಮಾಡೋ ಸಾಲು ಇದ್ದದ್ದು ಗುದ್ದಿನ ಅನಿಮೇಷನ್‌ನ ಕೊನೆಯಲ್ಲಿ, ಅದು ಓಡಲೇ ಇಲ್ಲ. ಈಗ ಬಕನ ಮುಂದೆ ಕಣ್ಣಿಗೆ ಕಾಣದ ಮುಷ್ಟಿಯೊಂದು ತೇಲ್ತಾ ಇರುತ್ತೆ, ಭೀಮ ಹತ್ತಿರ ಹೋದಾಗೆಲ್ಲ ಜೀವ ಹೋಗುತ್ತೆ. ಪರಿಹಾರ ಸುಲಭ: ಯಾವ ಸ್ಟೇಟ್‌ನಿಂದ (ಗುದ್ದೋದು, ಮರ ಕೀಳೋದು ಥರದ ಸ್ಥಿತಿ) ಹೊರಗೆ ಬಂದ್ರೂ ಎಲ್ಲ ಹಿಟ್‌ಬಾಕ್ಸ್‌ಗಳನ್ನೂ ಆಫ್ ಮಾಡಿ. ಡಿಕ್ಕಿಯ ಸಿಗ್ನಲ್ ಒಳಗಿನಿಂದಲೇ ಆಫ್ ಮಾಡೋಕೆ ಹೋದ್ರೆ ಗೊಡೊ ಎರರ್ ಕೊಡುತ್ತೆ, ಅದಕ್ಕೆ ಆ ಕೆಲಸವನ್ನ ಕೊಂಚ ಮುಂದೂಡೋ ಸೆಟ್ ಡಿಫರ್ಡ್ (set_deferred) ಬಳಸಿ. ಇನ್ನೊಂದು, ಒಂದೇ ಬೀಸಿಗೆ ಎರಡು ಮೂರು ಜೀವ ಹೋಗೋದು. ಪ್ರತಿ ಬೀಸಿಗೂ ‘ಯಾರಿಗೆ ಈಗಾಗಲೇ ತಾಗಿದೆ’ ಅನ್ನೋ ಪಟ್ಟಿ ಇಟ್ಟುಕೊಂಡು, ಬೀಸು ಶುರುವಾದಾಗ ಖಾಲಿ ಮಾಡಿದ್ರೆ ಅದು ನಿಲ್ಲುತ್ತೆ. ಎಸೆದ ಮರ ಸೆಕೆಂಡಿಗೆ 1200 ಪಿಕ್ಸೆಲ್ ಹೋಗ್ತಿದ್ರೆ ಒಂದು ಫ್ರೇಮ್‌ಗೆ 20 ಪಿಕ್ಸೆಲ್ ಹಾರುತ್ತೆ. ಅದರ ಹಿಟ್‌ಬಾಕ್ಸ್ ತೆಳ್ಳಗಿದ್ರೆ ತಾಗಬೇಕಾದ ಜಾಗವನ್ನೇ ದಾಟಿಬಿಡುತ್ತೆ. ಸನ್ನೆಯ ಲೆಕ್ಕವನ್ನ ತೆರೆ ಬಿಡಿಸಿದಾಗೆಲ್ಲ ಓಡೋ ಪ್ರೊಸೆಸ್ (_process) ಫಂಕ್ಷನ್‌ನಲ್ಲಿ ಫ್ರೇಮ್ ಎಣಿಸಿ ಮಾಡಬೇಡಿ, ಫೋನ್ ಬಿಸಿಯಾಗಿ ಸೆಕೆಂಡಿಗೆ 30 ಫ್ರೇಮ್‌ಗೆ ಇಳಿದ್ರೆ ಬಕ ಅರ್ಧ ವೇಗದಲ್ಲಿ ಹೊಡೀತಾನೆ. ಸೆಕೆಂಡಿಗೆ 60 ಸಲ ಓಡೋ ಫಿಸಿಕ್ಸ್ ಪ್ರೊಸೆಸ್‌ನಲ್ಲಿ (_physics_process) ಇಡಿ.

ಇಬ್ಬರೂ ಒಂದೇ ಫ್ರೇಮ್‌ನಲ್ಲಿ ಸತ್ತರೆ ಗೆಲುವು ಭೀಮನದ್ದು. ಬಕ ಸತ್ತ ಮೇಲೆ ಗಾಳಿಯಲ್ಲಿರೋ ಮರಗಳನ್ನೆಲ್ಲ ತೆಗೆದುಬಿಡಿ.

ಯಾವ ಏಟು ಯಾವಾಗ ಅನ್ನೋದನ್ನ ಪೂರ್ತಿ ರ‍್ಯಾಂಡಮ್‌ಗೆ ಬಿಟ್ಟರೆ, ಮೂರು ಏಟುಗಳಿದ್ದಾಗ ಸತತ ಮೂರು ಸಲ ಒಂದೇ ಏಟು ಬರೋ ಸಂಭವ ಒಂಬತ್ತರಲ್ಲಿ ಒಂದು. ಆಡುವವನಿಗೆ ಅದು ಕೆಟ್ಟುಹೋದ ಹಾಗೆ ಕಾಣುತ್ತೆ. ಪೂರ್ತಿ ಕ್ರಮದಲ್ಲಿ ಇಟ್ಟರೆ ಮಗ್ಗಿಯ ಹಾಗೆ ಬಾಯಿಪಾಠ ಆಗುತ್ತೆ. ಚೀಲದ ಉಪಾಯ ವಾಸಿ: ಎರಡು ಗುದ್ದು, ಎರಡು ಒದೆ, ಒಂದು ನುಗ್ಗು ಹಾಕಿ ಕಲಸಿ ಒಂದೊಂದೇ ತೆಗೀರಿ, ಖಾಲಿಯಾದ ಮೇಲೆ ಮತ್ತೆ ತುಂಬಿ. ಕಾದಾಟದ ಮೊಟ್ಟಮೊದಲ ಏಟು ಮಾತ್ರ ಯಾವತ್ತೂ ಗುದ್ದೇ ಆಗಿರಲಿ, ಮರಿ ರಾಕ್ಷಸರು ಕಲಿಸಿದ್ದು ಅದನ್ನೇ.

ಅಖಾಡಕ್ಕೆ ಎರಡೂ ಕಡೆ ಕೈವಾರ ಬೆಟ್ಟದ ಗುಂಡುಬಂಡೆ ನಿಲ್ಲಿಸಿ, ಇಡೀ ಜಾಗ ಒಂದೇ ತೆರೆಯಲ್ಲಿ ಕಾಣಲಿ. ತೆರೆಯಾಚೆಯಿಂದ ಬರೋ ಏಟಿಗೆ ಸನ್ನೆ ಇದ್ದೂ ಇಲ್ಲದ ಹಾಗೆ. ಭೀಮ ಬಂಡೆಗೆ ಒತ್ತಿಕೊಂಡಿದ್ರೆ ಬಕ ಎರಡು ಏಟಾದ ಮೇಲೆ ತಾನೇ ಹಿಂದೆ ಸರೀಬೇಕು.

ಸೋತ ಮೇಲೆ ಮತ್ತೆ ಶುರುವಾಗೋಕೆ ಐದು ಸೆಕೆಂಡ್ ಮೀರಬಾರದು, ಬಕ ಗುಹೆಯಿಂದ ಹೊರಬರೋ ದೃಶ್ಯವನ್ನ ಎರಡನೇ ಸಲ ತೋರಿಸಬೇಡಿ. 2017ರ ‘ಕಪ್‌ಹೆಡ್’ ಸೋತಾಗ ಒಂದು ಗೆರೆ ತೋರಿಸಿ, ಕೊನೆಗೆ ಎಷ್ಟು ಹತ್ತಿರ ಬಂದಿದ್ರಿ ಅಂತ ಹೇಳುತ್ತೆ. ಆ ಗೆರೆಯಷ್ಟು ಮತ್ತೆ ಆಡಿಸೋ ವಸ್ತು ಬೇರೊಂದಿಲ್ಲ. ಕೈ ನಿಧಾನ ಇರುವವರಿಗೂ ಬಾಗಿಲು ತೆರೆದಿರಲಿ. 2020ರ ‘ಹೇಡಿಸ್’ನ ಗಾಡ್ ಮೋಡ್ ಹಾಕಿಕೊಂಡ್ರೆ ಏಟಿನ ಬಲ ಶುರುವಿಗೇ ಶೇ. 20 ಕಮ್ಮಿ, ಸತ್ತಾಗೆಲ್ಲ ಇನ್ನೂ ಶೇ. 2 ಕಮ್ಮಿಯಾಗ್ತಾ ಶೇ. 80ರವರೆಗೆ ಹೋಗುತ್ತೆ. ನಮ್ಮ ಬಕನಿಗಾದ್ರೆ ಆ 30ನ್ನೇ 36 ಮಾಡೋ ಆಯ್ಕೆಯನ್ನ ಸೆಟ್ಟಿಂಗ್ಸ್‌ನಲ್ಲಿ ಕಾಣೋ ಹಾಗಿಡಿ. ಗುಟ್ಟಾಗಿ ಮಾಡೋದು ನನಗೆ ಸರಿ ಕಾಣಲ್ಲ. ಕಲಿತ ಕಾಲ ಹೇಳದೆ ಕೇಳದೆ ಬದಲಾದ್ರೆ ಆಡುವವನ ಕೈ ಗೊಂದಲಕ್ಕೆ ಬೀಳುತ್ತೆ.

ಪರೀಕ್ಷೆಗೆ ಐದು ಜನ ಸಾಕು. ಗೇಮ್ ಕಟ್ಟಿದವರು ಪಕ್ಕದಲ್ಲಿ ಕೂತು ಬಾಯಿ ಬಿಡಬಾರದು. ಪ್ರತಿ ಸಾವಿಗೂ ಯಾವ ಏಟು, ಬಕನ ಹೆಲ್ತ್ ಎಷ್ಟಿತ್ತು, ಎಷ್ಟನೇ ಸೆಕೆಂಡ್ ಅಂತ ಫೈಲ್‌ಗೆ ಬರಿಸಿ. ಆಡಿದವರಿಗೆ ಒಂದೇ ಪ್ರಶ್ನೆ ಕೇಳಿ: ಈಗ ಯಾಕೆ ಸತ್ತೆ? ‘ಬೇಗ ಉರುಳಿಬಿಟ್ಟೆ’, ‘ಇನ್ನೊಂದು ಏಟಿಗೆ ಆಸೆಪಟ್ಟೆ’ ಅಂದ್ರೆ ಸನ್ನೆ ಕೆಲಸ ಮಾಡ್ತಿದೆ. ‘ಗೊತ್ತಾಗ್ಲಿಲ್ಲ’ ಅಂದ್ರೆ ಫೈಲ್‌ನಲ್ಲಿ ಆ ಏಟು ಹುಡುಕಿ, ಮೊದಲು ಚಿತ್ರ ನೋಡಿ, ಆಮೇಲೆ ಹಿಟ್‌ಬಾಕ್ಸ್, ಕಾಲದ ಲೆಕ್ಕಕ್ಕೆ ಕೊನೆಗೆ ಕೈ ಹಾಕಿ. ಎಲ್ಲರೂ 200ರ ಹತ್ತಿರವೇ ಸಾಯ್ತಿದ್ರೆ ಘಟ್ಟ ಬದಲಾದದ್ದು ಅವರಿಗೆ ತಿಳಿದಿಲ್ಲ. ಮರ ಕಿತ್ತ ಮೇಲೆ 90 ಫ್ರೇಮ್ ಬಕ ಸುಮ್ಮನೆ ನಿಲ್ಲಲಿ, ಆಡುವವನು ಮರವನ್ನ ನೋಡಲಿ.

ಕೊನೆಯ ಏಟು ಬಿದ್ದಾಗ 20 ಫ್ರೇಮ್ ಎಲ್ಲ ನಿಲ್ಲಿಸಿ, ಶಬ್ದವನ್ನೂ. ಆಮೇಲೆ ‘ಗೆದ್ದಿರಿ’ ಅನ್ನೋ ಬೋರ್ಡ್ ಬೇಡ. ಕಥೆಯಲ್ಲಿ ಭೀಮ ಬಕನ ಹೆಣವನ್ನ ಎಳೆದು ತಂದು ಊರ ಬಾಗಿಲಲ್ಲಿ ಹಾಕಿ, ಯಾರಿಗೂ ಕಾಣದ ಹಾಗೆ ಹೊರಟುಹೋಗ್ತಾನೆ. ಆ ಎಳೆಯೋದನ್ನ ಆಡುವವನ ಕೈಗೇ ಕೊಡಿ. ಶತ್ರು ಇಲ್ಲ, ಹೆಲ್ತ್ ಬಾರ್ ಇಲ್ಲ, ಮಾಮೂಲಿಗಿಂತ ಅರ್ಧ ವೇಗ, ಬೆಟ್ಟದಿಂದ ಊರ ಬಾಗಿಲವರೆಗೆ ಹದಿನೈದು ಇಪ್ಪತ್ತು ಸೆಕೆಂಡಿನ ದಾರಿ. ಬಾಗಿಲ ಹತ್ತಿರ ಬಟನ್ ಬಿಟ್ಟಾಗ ಹೆಣ ಅಲ್ಲೇ ಉಳಿಯಲಿ, ಕೋಳಿ ಕೂಗಲಿ, ಭೀಮ ತೆರೆಯಿಂದಾಚೆ ನಡೆದು ಹೋಗಲಿ.